97.92 ಅಥವಾ 100.64: ಸಹಾರ್‌ನಲ್ಲಿ ನಿಂತ ಮೂರು ಕಾರ್ಟನ್

2025ರ ಆಗಸ್ಟ್, ಒಂದು ಶುಕ್ರವಾರ ಬೆಳಿಗ್ಗೆ. ಪುಣೆಯ ಭೋಸರಿಯಿಂದ ರಾತ್ರಿ ಹೊರಟ ಟೆಂಪೊ ಮುಂಬೈಯ ಮರೋಳದಲ್ಲಿರುವ ನಮ್ಮ ಗೋದಾಮಿಗೆ ಬಂದು ನಿಂತಿತು. ಘಾಟಿಯಲ್ಲಿ ಜೋರು ಮಳೆ ಸಿಕ್ಕಿತ್ತಂತೆ. ತಾಡಪಾಲು ಒಂದು ಮೂಲೆಯಲ್ಲಿ ಬಿಚ್ಚಿಕೊಂಡು ಒಳಗೆ ನೀರು ಬಂದಿತ್ತು. ಒಳಗೆ ಮೂರು ಕಾರ್ಟನ್. ನೈರೋಬಿಗೆ ಹೋಗಬೇಕಾದ ಮಾಲು, ಶನಿವಾರ ರಾತ್ರಿಯ ಪ್ರಯಾಣಿಕರ ವಿಮಾನದಲ್ಲಿ ಜಾಗ ಹಿಡಿದಾಗಿತ್ತು.

ಆ ವಿಮಾನ ಹೋಯಿತು, ಕಾರ್ಟನ್‌ಗಳು ಹೋಗಲಿಲ್ಲ. ಯಾಕೆ ಅಂತ ಪೂರ್ತಿ ಬರೆದಿಡ್ತಿದ್ದೇನೆ. ಮುಂಬೈ, ಪುಣೆ, ಗೋವಾ ಕಡೆ ನಮ್ಮ ಕನ್ನಡದವರು ಸಣ್ಣ ಸಣ್ಣ ಘಟಕ ಇಟ್ಟುಕೊಂಡು ಹೊರದೇಶಕ್ಕೆ ಮಾಲು ಕಳಿಸುವವರು ಬಹಳ ಜನ ಇದ್ದಾರೆ. ಬ್ಯಾಟರಿ ಇಲ್ಲದ ಮಾಲು ಈಗ ಯಾವುದಿದೆ ಹೇಳಿ. ಇದೇ ತೊಂದರೆ ನಾಳೆ ಅವರಿಗೂ ಬರಬಹುದು. ನಾನು ಕಾರ್ಗೋ ಫಾರ್ವರ್ಡಿಂಗ್, ಅಂದ್ರೆ ಬೇರೆಯವರ ಮಾಲನ್ನು ವಿಮಾನಕ್ಕೆ ಒಪ್ಪಿಸುವ, ಆಫೀಸಿನಲ್ಲಿ ಡಿಜಿ ನೋಡಿಕೊಳ್ಳುವವನು. ಡಿಜಿ ಅಂದ್ರೆ ಡೇಂಜರಸ್ ಗೂಡ್ಸ್, ಅಪಾಯಕಾರಿ ಸರಕು. ಮುಂಬೈ ವಿಮಾನ ನಿಲ್ದಾಣದ ಕಾರ್ಗೋ ಇರುವ ಸಹಾರ್‌ನಲ್ಲಿ ಎಲ್ಲರೂ ಡಿಜಿ ಅಂತಲೇ ಹೇಳೋದು.

ಮಾಲು ಏನು ಅಂದ್ರೆ, ನೆಲದೊಳಗೆ ನೀರು ಎಲ್ಲಿದೆ ಅಂತ ನೋಡುವ ಉಪಕರಣ. ಬೋರ್‌ವೆಲ್ ಕೊರೆಯುವ ಮುಂಚೆ ನೆಲಕ್ಕೆ ಕಂಬಿ ಚುಚ್ಚಿ, ಕರೆಂಟ್ ಬಿಟ್ಟು ಅಳೀತಾರಲ್ವಾ, ಅದು. ತಯಾರಿಸಿದವರು ಗದಗದ ಕಡೆಯವರು, ಮೂವತ್ತು ವರ್ಷದಿಂದ ಭೋಸರಿಯಲ್ಲಿದ್ದಾರೆ. ನೀರಿಲ್ಲದ ಊರಿನಲ್ಲಿ ಹುಟ್ಟಿದ ಮನುಷ್ಯ ನೀರು ಹುಡುಕುವ ಯಂತ್ರ ಮಾಡಿ ಆಫ್ರಿಕಾಕ್ಕೆ ಕಳಿಸ್ತಾರೆ ಅನ್ನೋದೇ ನನಗೆ ಅವರ ಮೇಲಿನ ಗೌರವಕ್ಕೆ ಕಾರಣ. ಆರು ಯಂತ್ರ, ಕಾರ್ಟನ್‌ಗೆ ಎರಡರಂತೆ. ಪ್ರತಿ ಯಂತ್ರದ ಒಳಗೆ ಒಂದು ಬ್ಯಾಟರಿ, ಪಕ್ಕದಲ್ಲಿ ಬಬಲ್ ಪ್ಲಾಸ್ಟಿಕ್ ಸುತ್ತಿದ ಇನ್ನೊಂದು ಹೆಚ್ಚುವರಿ ಬ್ಯಾಟರಿ.

ಮೊದಲು ತಪ್ಪು ಹಿಡಿದವನು ನಾನಲ್ಲ, ನಮ್ಮ ಲೋಡರ್ ಹುಡುಗ. ಯಾದಗಿರಿ ಕಡೆಯವನು, ಇಂಗ್ಲಿಷ್ ಓದೋಕೆ ಬರಲ್ಲ. ಮೂರನೇ ಕಾರ್ಟನ್ ಇಳಿಸುವಾಗ ಅದನ್ನು ಉಳಿದೆರಡರ ಜೊತೆ ಇಡದೆ ಗೋಡೆ ಪಕ್ಕ ಒಂಟಿಯಾಗಿ ಇಟ್ಟು ನನ್ನನ್ನು ಕರೆದ.

“ಅಣ್ಣಾ, ಇದು ಬೆಂಕಿದು ಐತಿ ನೋಡ್ರಿ. ಕಾಗದದಾಗ ಬರೇ ಬ್ಯಾಟರಿ ಅಂದಾರ.”

ಹೋಗಿ ನೋಡಿದೆ. ಕಾರ್ಟನ್ ಹಳೆಯದು. ಒಂದು ಬದಿಯಲ್ಲಿ ಅರ್ಧ ಕಿತ್ತುಹೋದ ಕೆಂಪು ಲೇಬಲ್. ವಜ್ರದ ಆಕಾರ, ಮೇಲೆ ಉರಿಯುವ ಜ್ವಾಲೆ, ಕೆಳಗಿನ ಮೂಲೆಯಲ್ಲಿ 3. ಪಕ್ಕದಲ್ಲೇ ಯುಎನ್ 1219 ಅಂತ ಅಚ್ಚಾಗಿತ್ತು. ಯುಎನ್ ಸಂಖ್ಯೆ ಅಂದ್ರೆ ಅಪಾಯಕಾರಿ ವಸ್ತುಗಳಿಗೆ ವಿಶ್ವಸಂಸ್ಥೆ ಕೊಟ್ಟ ಅಂಕೆ. 3 ಅಂದ್ರೆ ಸುಲಭವಾಗಿ ಹೊತ್ತಿಕೊಳ್ಳುವ ದ್ರವಗಳ ವರ್ಗ. 1219 ಅಂದ್ರೆ ಐಸೊಪ್ರೊಪೈಲ್ ಆಲ್ಕೋಹಾಲ್. ಸರ್ಕ್ಯೂಟ್ ಬೋರ್ಡ್ ಒರೆಸೋಕೆ ಅವರ ಘಟಕದಲ್ಲಿ ಆ ದ್ರವ ತರಿಸ್ತಾರೆ, ಅದು ಬಂದ ಡಬ್ಬ ಗಟ್ಟಿಯಾಗಿದೆ ಅಂತ ಅದರಲ್ಲೇ ಯಂತ್ರ ತುಂಬಿದ್ದಾರೆ. ಮನೆಯಲ್ಲಿ ಖಾಲಿ ಡಬ್ಬ ಎಸೆಯದೆ ಇಟ್ಟುಕೊಳ್ಳುವ ಹಾಗೆ. ಆದರೆ ವಿಮಾನದ ಸರಕಿನಲ್ಲಿ ಒಳಗಿಲ್ಲದ ವಸ್ತುವಿನ ಲೇಬಲ್ ಹೊರಗೆ ಇರುವ ಹಾಗಿಲ್ಲ. ಕಿತ್ತು ತೆಗೆಯಬೇಕು ಇಲ್ಲವೇ ಪೂರ್ತಿ ಮುಚ್ಚಬೇಕು.

ಆ ಹುಡುಗನಿಗೆ ಯಾವ ಪುಸ್ತಕವೂ ಗೊತ್ತಿಲ್ಲ, ಜ್ವಾಲೆಯ ಚಿತ್ರ ಗೊತ್ತು. ಈ ಲೇಬಲ್‌ಗಳನ್ನು ಚಿತ್ರದಲ್ಲಿ ಮಾಡಿರೋದೇ ಅವನಿಗಾಗಿ. ಒಂಬತ್ತು ವರ್ಗ ಇವೆ. ಸ್ಫೋಟಕ 1, ಅನಿಲ 2, ಹೊತ್ತುವ ದ್ರವ 3, ಹೊತ್ತುವ ಘನ 4, ಆಮ್ಲಜನಕ ಒದಗಿಸಿ ಬೆಂಕಿ ಹೆಚ್ಚಿಸುವಂಥವು 5, ವಿಷ ಮತ್ತು ಸೋಂಕು 6, ವಿಕಿರಣ 7, ಸುಟ್ಟು ತಿನ್ನುವ ಆಮ್ಲದಂಥವು 8, ಇವು ಯಾವುದಕ್ಕೂ ಸೇರದ್ದು 9. ಮುಂಬೈಯಲ್ಲಿ ಪೆಟ್ಟಿಗೆ ಎತ್ತುವವನೂ ನೈರೋಬಿಯಲ್ಲಿ ಇಳಿಸುವವನೂ ಒಬ್ಬರ ಭಾಷೆ ಒಬ್ಬರಿಗೆ ಬಾರದವರು. ಕೈಯ ಮೇಲೆ ಆಮ್ಲ ಸುರಿಯುವ ಚಿತ್ರ ಕಂಡರೆ ಇಬ್ಬರೂ ಕೈ ಹಿಂದೆ ತಗೋತಾರೆ.

2000ದ ಮಾರ್ಚ್‌ನಲ್ಲಿ ಕೌಲಾಲಂಪುರದಲ್ಲಿ ಏನಾಯ್ತು ಅಂತ ನಮಗೆ ತರಬೇತಿಯಲ್ಲಿ ಹೇಳ್ತಾರೆ. ಬೀಜಿಂಗ್‌ನಿಂದ ಬಂದು ಚೆನ್ನೈಗೆ ಹೋಗಬೇಕಿದ್ದ ಡ್ರಮ್‌ಗಳು. ಕಾಗದದಲ್ಲಿ ತೊಂದರೆ ಕೊಡದ ಪುಡಿ ಅಂತ ಬರೆದಿತ್ತು, ಒಳಗಿದ್ದದ್ದು ಆಕ್ಸಲೈಲ್ ಕ್ಲೋರೈಡ್ ಅನ್ನುವ ಲೋಹವನ್ನೇ ತಿನ್ನುವ ದ್ರವ. ಸೋರಿತು. ಇಳಿಸುತ್ತಿದ್ದ ಕೆಲಸಗಾರರು ಅಸ್ವಸ್ಥರಾದರು, ಮಲೇಷ್ಯಾ ಏರ್‌ಲೈನ್ಸ್‌ನ ಆ ಏರ್‌ಬಸ್ ಎ330 ಮತ್ತೆ ಹಾರಲೇ ಇಲ್ಲ. ನನಗೆ ಅದರಲ್ಲಿ ವಿಮಾನಕ್ಕಿಂತ ಜಾಸ್ತಿ ನೆನಪಿಗೆ ಬರೋದು ಆ ಕೆಲಸಗಾರರು. ಡ್ರಮ್ ಮುಟ್ಟುವಾಗ ಅವರಿಗೆ ಎಚ್ಚರಿಕೆ ಕೊಡುವ ಒಂದು ಚಿತ್ರವೂ ಅಲ್ಲಿರಲಿಲ್ಲ.

ಸರಿ, ನಮ್ಮ ಕಾರ್ಟನ್‌ಗೆ ಬರೋಣ.

ಮೂರರ ಮೇಲೂ ಲಿಥಿಯಂ ಬ್ಯಾಟರಿಯ ಗುರುತು ಇತ್ತು. ಸುತ್ತ ಕೆಂಪು ಓರೆಗೆರೆಗಳ ಅಂಚು, ಮಧ್ಯೆ ಬ್ಯಾಟರಿಗಳ ಚಿತ್ರ, ಒಂದು ಬ್ಯಾಟರಿ ಒಡೆದು ಬೆಂಕಿ ಬರ್ತಿರುತ್ತೆ, ಕೆಳಗೆ ಯುಎನ್ 3481. ಆಫೀಸಿನ ಪ್ರಿಂಟರ್‌ನಲ್ಲಿ ತೆಗೆದು ಮೇಲೆ ಅಗಲ ಟೇಪ್ ಹಚ್ಚಿದ್ದರು. ಟೇಪಿನ ಸಂದಿಯಲ್ಲಿ ಮಳೆನೀರು ಇಳಿದು ಕೆಂಪು ಶಾಯಿ ಕರಗಿ, ಗುಲಾಬಿ ಬಣ್ಣದ ಗೆರೆಗಳಾಗಿ ಕೆಳಗೆ ಹರಿದಿತ್ತು. ಸಂಖ್ಯೆಯ ಕೊನೆಯ 1 ಓದೋಕೆ ಬರುತ್ತಿರಲಿಲ್ಲ. ಆ ಒಂದು ಅಂಕೆ ಸಣ್ಣದಲ್ಲ. 3481 ಅಂದ್ರೆ ಉಪಕರಣದ ಒಳಗೋ ಜೊತೆಗೋ ಇರುವ ಲಿಥಿಯಂ ಅಯಾನ್ ಬ್ಯಾಟರಿ. 3480 ಅಂದ್ರೆ ಬರೀ ಬ್ಯಾಟರಿ. ಬರೀ ಬ್ಯಾಟರಿಯನ್ನು 2016ರ ಏಪ್ರಿಲ್ 1ರಿಂದ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಕಳಿಸುವ ಹಾಗೇ ಇಲ್ಲ. ಒಂದು ಹನಿ ನೀರು ಅಷ್ಟು ವ್ಯತ್ಯಾಸ ಮಾಡುತ್ತೆ.

ಇಲ್ಲಿಯವರೆಗಿನದು ಅರ್ಧ ದಿನದ ಕೆಲಸ. ಹೊಸ ಕಾರ್ಟನ್, ಅಂಗಡಿಯಲ್ಲಿ ಸಿಗುವ ವಿನೈಲ್ ಸ್ಟಿಕ್ಕರ್, ಮುಗೀತು. ಅಷ್ಟಕ್ಕೇ ಬಿಟ್ಟಿದ್ದರೆ ಶನಿವಾರದ ವಿಮಾನ ಸಿಕ್ಕೇ ಸಿಗ್ತಿತ್ತು. ಆದರೆ ಕಾರ್ಟನ್ ಬದಲಾಯಿಸೋಕೆ ಹೇಗೂ ತೆರೀಬೇಕಿತ್ತು. ತೆರೆದಾಗ ಒಂದು ಹೆಚ್ಚುವರಿ ಬ್ಯಾಟರಿ ಕೈಗೆ ತಗೊಂಡೆ.

ನೀಲಿ ಪ್ಲಾಸ್ಟಿಕ್ ಹೊದಿಕೆ, ಅಂಗೈ ಅಗಲ, ಅರ್ಧ ಕಿಲೋಗೆ ಸ್ವಲ್ಪ ಕಡಿಮೆ ತೂಕ. ಮೇಲೆ ಬಿಳಿ ಚೀಟಿ. 14.8 ವೋಲ್ಟ್, 6800 ಎಂಎಎಚ್ (ಮಿಲಿಆಂಪಿಯರ್-ಅವರ್), 100.64 ವ್ಯಾಟ್-ಅವರ್.

ಕಾಗದ ತೆಗೆದೆ. ಪರೀಕ್ಷೆಯ ಸಾರಾಂಶಪತ್ರದಲ್ಲಿ ಅದೇ ಮಾದರಿ ಸಂಖ್ಯೆ. ಆದರೆ 14.4 ವೋಲ್ಟ್, 6.8 ಎಎಚ್ (6800 ಎಂಎಎಚ್ ಅಂದ್ರೂ ಅದೇ), 97.92 ವ್ಯಾಟ್-ಅವರ್.

ಎರಡೂ ಸರಿಯಾದ ಗುಣಾಕಾರವೇ. ವೋಲ್ಟ್ ಮತ್ತು ಆಂಪಿಯರ್-ಅವರ್ ಗುಣಿಸಿದರೆ ವ್ಯಾಟ್-ಅವರ್, ಅಂದ್ರೆ ಬ್ಯಾಟರಿ ಹಿಡಿದಿಡುವ ಶಕ್ತಿ, ಅಷ್ಟೇ ಲೆಕ್ಕ. ಈ ಪ್ಯಾಕಿನ ಒಳಗೆ ಎಂಟು ಸಣ್ಣ ಸೆಲ್ ಇವೆ, 18650 ಅನ್ನುವ ಜಾತಿಯವು. ಆ ಸಂಖ್ಯೆಯೂ ಒಂದು ಕೋಡ್, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಉರುಳೆ ಆಕಾರಕ್ಕೆ. ನಾಲ್ಕು ಜೋಡಿಗಳನ್ನು ಒಂದರ ಹಿಂದೆ ಒಂದು ಕಟ್ಟಿದ್ದಾರೆ. ಒಂದು ಸೆಲ್ಲಿನ ವೋಲ್ಟೇಜ್ ಅನ್ನು ಕೆಲವರು 3.6 ಅಂತ ಹಿಡೀತಾರೆ, ಕೆಲವರು 3.7 ಅಂತ. ನಾಲ್ಕರಿಂದ ಗುಣಿಸಿ ನೋಡಿ, 14.4 ಮತ್ತು 14.8. ವಸ್ತು ಒಂದೇ, ಲೆಕ್ಕ ಎರಡು. ಬೇರೆ ಎಲ್ಲಾದರೂ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ವಿಮಾನದ ನಿಯಮದಲ್ಲಿ ಬ್ಯಾಟರಿಯ ಗೆರೆ ಎಳೆದಿರೋದು ಸರಿಯಾಗಿ 100 ವ್ಯಾಟ್-ಅವರ್‌ಗೆ. ಒಂದು ಸಂಖ್ಯೆ ಗೆರೆಯ ಈಚೆ, ಇನ್ನೊಂದು ಆಚೆ.

(ನಿಮ್ಮ ಪವರ್ ಬ್ಯಾಂಕಿಗೂ ಇದೇ ಗೆರೆ. 20000 ಎಂಎಎಚ್‌ನದ್ದು 3.7ರಿಂದ ಗುಣಿಸಿದರೆ 74 ವ್ಯಾಟ್-ಅವರ್, ಕೈಚೀಲದಲ್ಲಿ ಆರಾಮಾಗಿ ಹೋಗುತ್ತೆ. 30000ದ್ದು 111, ಅದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. 160 ದಾಟಿದ್ದು ಪ್ರಯಾಣಿಕರ ಹತ್ತಿರ ಇರುವ ಹಾಗೇ ಇಲ್ಲ. ಚೆಕ್-ಇನ್ ಲಗೇಜಿನಲ್ಲಂತೂ ಎಷ್ಟು ಸಣ್ಣ ಪವರ್ ಬ್ಯಾಂಕನ್ನೂ ಹಾಕಬೇಡಿ.)

100ರ ಒಳಗಿದ್ದರೆ ಐಯಾಟಾ, ಅಂದ್ರೆ ವಿಮಾನ ಸಂಸ್ಥೆಗಳ ಜಾಗತಿಕ ಸಂಘದ ನಿಯಮಪುಸ್ತಕದ ಪ್ಯಾಕಿಂಗ್ ಸೂಚನೆ 966ರ ಎರಡನೇ ವಿಭಾಗ. ಹೊರಗೆ ಆ ಕೆಂಪು ಅಂಚಿನ ಗುರುತು, ಮಾಲಿನ ಜೊತೆ ಹೋಗುವ ವಿಮಾನ ಸಾಗಣೆಯ ಕಾಗದ ಅಂದ್ರೆ ಏರ್‌ವೇ ಬಿಲ್‌ನಲ್ಲಿ ಒಂದು ಸಾಲು, ಗಟ್ಟಿ ಪೆಟ್ಟಿಗೆ, ಸಾಕು. ಕಾರ್ಗೋದವರ ಕೋಡ್ ಇಎಲ್‌ಐ. 100 ದಾಟಿದರೆ ಒಂದನೇ ವಿಭಾಗ. ಆಗ ಅದು ಪೂರ್ತಿ ಡಿಜಿ. ವರ್ಗ 9ರ ಲೇಬಲ್ ಬೇಕು, ಪರೀಕ್ಷೆ ಆದ ಯುಎನ್ ಪೆಟ್ಟಿಗೆ ಬೇಕು, ಒಳಗೆ ಏನಿದೆ ಅಂತ ಕಳಿಸುವವರು ಬರೆದು ಕೊಡುವ ಡಿಕ್ಲರೇಶನ್ ಬೇಕು, ಅದಕ್ಕೆ ಸಹಿ ಹಾಕೋಕೆ ತರಬೇತಿ ಆದವರು ಬೇಕು. ಕೋಡ್ ಆರ್‌ಎಲ್‌ಐ. ಇವೆಲ್ಲದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ, ಅದನ್ನು ಫೋನಿನಲ್ಲಿ ಹೇಳಬೇಕಾಯ್ತು.

ಮಾಲೀಕರಿಗೆ ಫೋನ್ ಮಾಡಿದೆ. ವಯಸ್ಸಾದವರು, ನನ್ನನ್ನು ತಮ್ಮಾ ಅಂತಲೇ ಕರೆಯೋದು.

“ಏನ್ ತಮ್ಮಾ, ಅರ್ಧ ವ್ಯಾಟ್ ಹೆಚ್ಚಿಗಿ ಆದ್ರ ವಿಮಾನ ಬೀಳತೈತೇನು?”

“ಹಾಗಲ್ಲ ಸರ್. ಅದರ ಮೇಲೆ ಪೈಲಟ್‌ಗೆ ಗೊತ್ತಿರುತ್ತಾ ಇಲ್ವಾ ಅನ್ನೋದು ನಿಂತಿದೆ.”

ಅವರಿಗೆ ಅರ್ಥ ಆಗಲಿಲ್ಲ, ವಿವರಿಸಿ ಹೇಳಿದೆ. ಪೂರ್ತಿ ಡಿಜಿ ಆದ ಮಾಲು ವಿಮಾನ ಹತ್ತಿದರೆ, ಹೊರಡುವ ಮುಂಚೆ ಕ್ಯಾಪ್ಟನ್ ಕೈಗೆ ನೋಟಾಕ್ ಅನ್ನುವ ಪಟ್ಟಿ ಹೋಗುತ್ತೆ. ಯಾವ ವಸ್ತು, ಯಾವ ಯುಎನ್ ಸಂಖ್ಯೆ, ಎಷ್ಟು, ಯಾವ ಜಾಗದಲ್ಲಿ ಇಟ್ಟಿದೆ, ಎಲ್ಲ ಅದರಲ್ಲಿರುತ್ತೆ. ಮೇಲೆ ಹೊಗೆ ಎಚ್ಚರಿಕೆ ಹೊಡೆದರೆ ಅವರು ಮೊದಲು ನೋಡೋದು ಅದನ್ನೇ. ಎರಡನೇ ವಿಭಾಗದ ಸಣ್ಣ ಬ್ಯಾಟರಿಗಳು ಆ ಪಟ್ಟಿಯಲ್ಲಿ ಬರಬೇಕು ಅಂತ ಇಲ್ಲ. 100ರ ಗೆರೆಯ ಅರ್ಥ ಅದು. ಇದಕ್ಕಿಂತ ದೊಡ್ಡದು ಒಳಗಿದ್ದರೆ ಮೇಲೆ ಕೂತವರಿಗೆ ತಿಳಿದಿರಲೇಬೇಕು ಅಂತ.

ಆಮೇಲೆ ದುಬೈ ವಿಷಯ ಹೇಳಿದೆ. 2010ರ ಸೆಪ್ಟೆಂಬರ್ 3, ಯುಪಿಎಸ್ ಸಂಸ್ಥೆಯ ಫ್ಲೈಟ್ 6, ಬೋಯಿಂಗ್ 747 ಸರಕು ವಿಮಾನ. ದುಬೈಯಿಂದ ಜರ್ಮನಿಯ ಕಲೋನ್‌ಗೆ ಹೊರಟಿತ್ತು. ಎದ್ದ 22 ನಿಮಿಷಕ್ಕೆ ಬೆಂಕಿಯ ಎಚ್ಚರಿಕೆ ಬಂತು. ಹೊಗೆ ಕಾಕ್‌ಪಿಟ್ ತುಂಬಿ ಪೈಲಟ್‌ಗೆ ಎದುರಿನ ಮೀಟರ್‌ಗಳೇ ಕಾಣದಂತೆ ಆಯ್ತು. ವಾಪಸ್ ಬರಲು ಒದ್ದಾಡಿದರು, ಆಗಲಿಲ್ಲ. ಇಬ್ಬರೂ ಸತ್ತರು. ಸರಕಿನಲ್ಲಿ ಲಿಥಿಯಂ ಬ್ಯಾಟರಿ ರಾಶಿ ಇತ್ತು. ಅಪಾಯಕಾರಿ ಸರಕು ಅಂತ ಯಾವುದನ್ನೂ ಘೋಷಿಸಿರಲಿಲ್ಲ. ತನಿಖೆಯಲ್ಲಿ ಕನಿಷ್ಠ ಮೂರು ರವಾನೆಗಳು ವರ್ಗ 9ಕ್ಕೆ ಸೇರಬೇಕಿತ್ತು ಅಂತ ಗೊತ್ತಾಯ್ತು.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ನಿಜವಾಗಿ ಬ್ಯಾಟರಿ 97.92ರದ್ದೇ ಅಲ್ವಾ, ಪರೀಕ್ಷೆ ಪತ್ರ ಇದೆಯಲ್ಲ. ಘಟಕದಲ್ಲಿ ಸ್ಟಿಕ್ಕರ್ ಪ್ರಿಂಟರ್ ಇದೆ, ಹುಡುಗನ ಕೈಯಲ್ಲಿ ಹನ್ನೆರಡು ಹೊಸ ಚೀಟಿ ಕಳಿಸ್ತೀನಿ, ಮೇಲೆ ಅಂಟಿಸಿಬಿಡು, ಸಂಜೆಯೊಳಗೆ ಮುಗೀತದ.

ಬೇಡ ಅಂದೆ. ಗಟ್ಟಿಯಾಗಿಯೇ ಅಂದೆ. ಬ್ಯಾಟರಿ ಮಾಡಿದವರು ಇವರಲ್ಲ, ಬೇರೆಯವರಿಂದ ಕೊಂಡದ್ದು. ಬ್ಯಾಟರಿಯ ಮೇಲಿನ ಅಂಕೆಯನ್ನು ತಿದ್ದುವ ಹಕ್ಕು ಅದನ್ನು ಮಾಡಿದವರಿಗೆ ಮಾತ್ರ. ಯಾವ ಚೀಟಿ ನಿಜ ಅಂತ ಅವರೇ ಹೇಳಬೇಕು, ಹೇಳುವ ತನಕ ದೊಡ್ಡ ಸಂಖ್ಯೆಯನ್ನೇ ನಂಬಬೇಕು. ಒಂದು ಸಲ ಗೋದಾಮಿನಲ್ಲಿ ಕೂತು ಚೀಟಿಯ ಮೇಲೆ ಚೀಟಿ ಅಂಟಿಸೋಕೆ ಶುರು ಮಾಡಿದರೆ, ಆಮೇಲೆ ಯಾವ ಪೆಟ್ಟಿಗೆಯ ಮೇಲಿನ ಯಾವ ಅಂಕೆಯನ್ನು ನಾನು ನಂಬಲಿ? ನನ್ನ ಕೆಲಸವೇ ನಂಬಿಕೆಯ ಮೇಲೆ ನಿಂತಿದೆ. ನಾನು ಎಲ್ಲ ಕಾರ್ಟನ್ ತೆರೆದು ನೋಡಲ್ಲ, ವಿಮಾನ ಸಂಸ್ಥೆಯವರು ನೋಡಲ್ಲ, ಕ್ಯಾಪ್ಟನ್ ಅಂತೂ ಕಣ್ಣಿಂದಲೂ ನೋಡಿರಲ್ಲ. ಎಲ್ಲರೂ ಹೊರಗಿನ ಬರಹವನ್ನೇ ಓದಿ ಮುಂದೆ ಹೋಗ್ತಾರೆ.

ಅವರು ಸಿಟ್ಟಾದರು, ಆದರೆ ಬ್ಯಾಟರಿ ಮಾಡಿದವರಿಗೆ ಫೋನ್ ಹಚ್ಚಿದರು. ಮಧ್ಯಾಹ್ನ ಉತ್ತರ ಬಂತು. 97.92 ಸರಿಯಂತೆ. ಚೀಟಿ ಅಚ್ಚು ಹಾಕುವಲ್ಲಿ ಹಳೆಯ ವಿನ್ಯಾಸದ 3.7ರ ಲೆಕ್ಕ ಉಳಿದುಬಿಟ್ಟಿದೆಯಂತೆ. ಬ್ಯಾಟರಿ ವಾಪಸ್ ಕಳಿಸಿದರೆ ಚೀಟಿ ಬದಲಾಯಿಸಿ ಕೊಡ್ತಾರೆ, ಹತ್ತು ದಿನ ಬೇಕು. ನೈರೋಬಿಯಲ್ಲಿ ಗ್ರಾಹಕರ ತಂಡ ಊರೂರಿಗೆ ಹೊರಡಲು ಯಂತ್ರಕ್ಕಾಗಿ ಕಾದು ಕೂತಿತ್ತು. ಹತ್ತು ದಿನ ಆಗದ ಮಾತು. ಉಳಿದ ದಾರಿ ಒಂದೇ, 100 ದಾಟಿದ ಬ್ಯಾಟರಿ ಅಂತ ಒಪ್ಪಿಕೊಂಡು ಪೂರ್ತಿ ಡಿಜಿಯಾಗಿ ಕಳಿಸೋದು. ಖರ್ಚು ಜಾಸ್ತಿ, ಮುಚ್ಚುಮರೆ ಇಲ್ಲ. ಸರ್ ಹೂಂ ಅಂದರು.

ಅವರ ಘಟಕದಲ್ಲಿ ಡಿಜಿ ತರಬೇತಿ ಆದವರು ಯಾರೂ ಇರಲಿಲ್ಲ. ಈ ತರಬೇತಿ ಒಂದು ಸಲ ಮಾಡಿ ಬಿಡುವಂಥದ್ದೂ ಅಲ್ಲ, ಎರಡು ವರ್ಷಕ್ಕೊಮ್ಮೆ ಮತ್ತೆ ಕೂರಬೇಕು, ಯಾಕಂದ್ರೆ ಐಯಾಟಾದ ನಿಯಮಪುಸ್ತಕವೇ ಪ್ರತಿ ಜನವರಿ 1ಕ್ಕೆ ಹೊಸದಾಗುತ್ತೆ. ಹಾಗಾಗಿ ಅಂಧೇರಿಯ ಒಂದು ಡಿಜಿ ಪ್ಯಾಕಿಂಗ್ ಏಜೆನ್ಸಿಗೆ ಅಧಿಕಾರಪತ್ರ ಕೊಟ್ಟರು.

ಪೆಟ್ಟಿಗೆ ತರೋಕೆ ನಮ್ಮ ಹುಡುಗರನ್ನೇ ಸಾಕಿನಾಕಾಕ್ಕೆ ಕಳಿಸಿದೆವು. ಅಂಗಡಿಯವರು ಮೂರು ಯುಎನ್ ಪೆಟ್ಟಿಗೆ ಕೊಟ್ಟರು, ದಪ್ಪ ರಟ್ಟು, ನೋಡೋಕೆ ಚೆನ್ನಾಗಿತ್ತು. ಏಜೆನ್ಸಿಯ ಹೆಣ್ಣುಮಗಳು ಪೆಟ್ಟಿಗೆ ತಿರುಗಿಸಿ ಕೆಳಗಿನ ಬರಹ ಓದಿದ ಕೂಡಲೇ ಪಕ್ಕಕ್ಕೆ ಇಟ್ಟಳು. ವೃತ್ತದೊಳಗೆ ಯುಎನ್, ಪಕ್ಕದಲ್ಲಿ 4ಜಿ/ಝಡ್20/ಎಸ್/25. ಇದನ್ನು ಓದೋದು ಹೀಗೆ. 4 ಅಂದ್ರೆ ಪೆಟ್ಟಿಗೆ, 1 ಆಗಿದ್ದರೆ ಡ್ರಮ್. ಜಿ ಅಂದ್ರೆ ರಟ್ಟು. 20 ಅಂದ್ರೆ ತುಂಬಿದ ಮೇಲೆ ಒಟ್ಟು ತೂಕ 20 ಕಿಲೋ ದಾಟಬಾರದು. ಎಸ್ ಅಂದ್ರೆ ಘನವಸ್ತು ಅಥವಾ ಒಳಪ್ಯಾಕಿಂಗ್ ಇಟ್ಟು ತುಂಬುವಂಥದ್ದು. 25 ತಯಾರಾದ ವರ್ಷ. ಮಧ್ಯದ ಅಕ್ಷರವೇ ಮುಖ್ಯ. ಎಕ್ಸ್ ಅಂದ್ರೆ ತುಂಬಾ ಅಪಾಯದ ವಸ್ತುವಿಗೂ ತಡೆಯುವಷ್ಟು ಎತ್ತರದಿಂದ ಬೀಳಿಸಿ ಪರೀಕ್ಷೆ ಮಾಡಿದ್ದು, ವೈ ಮಧ್ಯಮಕ್ಕೆ, ಝಡ್ ಕಡಿಮೆ ಅಪಾಯಕ್ಕೆ ಮಾತ್ರ. ನಮ್ಮ ಬ್ಯಾಟರಿಗೆ ಮಧ್ಯಮ ದರ್ಜೆಯ ಪೆಟ್ಟಿಗೆ ಬೇಕು, ಅಂದ್ರೆ ಎಕ್ಸ್ ಅಥವಾ ವೈ. ಝಡ್ ನಡೆಯಲ್ಲ. ಮಳೆಯಲ್ಲಿ ಮತ್ತೆ ಸಾಕಿನಾಕಾ, ವೈ ಬರೆದ ಪೆಟ್ಟಿಗೆ ಬರುವಾಗ ರಾತ್ರಿ ಎಂಟು. ಇಂಥ ಪೆಟ್ಟಿಗೆಗಳನ್ನು ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪ್ಯಾಕೇಜಿಂಗ್ ಇರೋದು ನಮ್ಮ ಅಂಧೇರಿ ಪೂರ್ವದಲ್ಲೇ. ದಿನಾ ಅದರ ಹತ್ತಿರದಿಂದ ಹೋಗುವ ಎಷ್ಟೋ ಜನಕ್ಕೆ ಒಳಗೆ ಪೆಟ್ಟಿಗೆ ಬೀಳಿಸಿ ನೋಡ್ತಾರೆ ಅಂತ ಗೊತ್ತಿಲ್ಲ.

ಇನ್ನೊಂದು ವಿಷಯ ಆ ಹೆಣ್ಣುಮಗಳೇ ಕೇಳಿದ್ದು, ಬ್ಯಾಟರಿ ಎಷ್ಟು ಚಾರ್ಜ್ ಇದೆ? ಯಂತ್ರಕ್ಕೆ ಹಾಕಿ ನೋಡಿದರೆ ಹನ್ನೆರಡೂ ಪೂರ್ತಿ ತುಂಬಿದ್ದವು. ಗ್ರಾಹಕ ಪೆಟ್ಟಿಗೆ ಬಿಚ್ಚಿದ ಕೂಡಲೇ ಯಂತ್ರ ಓಡಲಿ ಅಂತ ಪ್ರೀತಿಯಿಂದ ತುಂಬಿಸಿದ್ದರು. ಚಾರ್ಜ್ ಜಾಸ್ತಿ ಇದ್ದಷ್ಟೂ ಬ್ಯಾಟರಿ ಕೆಟ್ಟಾಗ ಬೆಂಕಿ ಜೋರು. ಉಪಕರಣದ ಜೊತೆ ಹೋಗುವ ಬ್ಯಾಟರಿಗೆ ಶೇಕಡಾ 30 ಮೀರದಿರಲಿ ಅನ್ನೋದು ಆಗ ಸಲಹೆ ಮಾತ್ರ, 2026ರ ಜನವರಿ 1ರಿಂದ ಕಡ್ಡಾಯ. ಸಲಹೆಯನ್ನೂ ಪಾಲಿಸೋಣ ಅಂತ ರಾತ್ರಿಯಿಡೀ ಯಂತ್ರಗಳನ್ನು ಓಡಿಸಿ ಚಾರ್ಜ್ ಇಳಿಸಿದರು.

ಶನಿವಾರ ಬೆಳಿಗ್ಗೆ ಲೇಬಲ್. ಬಿಳಿ ವಜ್ರ, 100 ಮಿಲಿಮೀಟರ್ ಬದಿ, ಮೇಲಿನ ಅರ್ಧದಲ್ಲಿ ಏಳು ಕಪ್ಪು ಪಟ್ಟೆ, ಕೆಳಗೆ ಬ್ಯಾಟರಿಗಳು, ಅದರಲ್ಲೊಂದು ಉರಿಯುತ್ತಿರುತ್ತೆ, ತುದಿಯಲ್ಲಿ ಕೆಳಗೆರೆ ಎಳೆದ 9. ಬರೀ ಪಟ್ಟೆ ಇರುವ ಹಳೆಯ ವರ್ಗ 9ರ ಲೇಬಲ್ ಲಿಥಿಯಂಗೆ 2019ರಿಂದ ನಡೆಯಲ್ಲ. ಎಷ್ಟೋ ಜನ ಇವತ್ತೂ ಅದನ್ನೇ ಅಂಟಿಸಿಕೊಂಡು ಬರ್ತಾರೆ. ಲೇಬಲ್ ಪಕ್ಕ ಯುಎನ್ 3481, ವಸ್ತುವಿನ ಪೂರ್ತಿ ಹೆಸರು, ಕಳಿಸುವವರ ಮತ್ತು ಪಡೆಯುವವರ ವಿಳಾಸ. ಒಂದು ಕಾರ್ಟನ್‌ನಲ್ಲಿ ಬ್ಯಾಟರಿಯ ತೂಕ 1.8 ಕಿಲೋ. ಪ್ರಯಾಣಿಕರ ವಿಮಾನಕ್ಕೆ ಮಿತಿ 5 ಕಿಲೋ, ಹಾಗಾಗಿ ಸರಕು ವಿಮಾನಕ್ಕೆ ಮಾತ್ರ ಅನ್ನುವ ಕಿತ್ತಳೆ ಲೇಬಲ್ ಬೇಕಾಗಲಿಲ್ಲ.

ಮಧ್ಯಾಹ್ನ ಸಹಾರ್‌ನಲ್ಲಿ ಒಪ್ಪಿಸಲು ಹೋದರೆ ಡಿಕ್ಲರೇಶನ್ ವಾಪಸ್. ಎರಡೂ ಪಕ್ಕ ಕೆಂಪು ಓರೆಗೆರೆ ಇರುವ ಆ ಹಾಳೆಯಲ್ಲಿ ಒಂದು ಜಾಗ ಇದೆ. ‘ಪ್ರಯಾಣಿಕರ ಮತ್ತು ಸರಕು ವಿಮಾನ’, ‘ಸರಕು ವಿಮಾನ ಮಾತ್ರ’, ಇವೆರಡರಲ್ಲಿ ಅನ್ವಯಿಸದ್ದನ್ನು ಹೊಡೆದು ಹಾಕಬೇಕು. ಅವಸರದಲ್ಲಿ ಎರಡನ್ನೂ ಹಾಗೇ ಬಿಟ್ಟಿದ್ದರು. ಕೌಂಟರಿನವರ ಹತ್ತಿರ ಪ್ರಶ್ನೆಗಳ ಉದ್ದ ಪಟ್ಟಿ ಇರುತ್ತೆ, ಅದರಲ್ಲಿ ಒಂದಕ್ಕೆ ಇಲ್ಲ ಅಂತ ಬಂದರೂ ಮಾಲು ತಗೊಳ್ಳಲ್ಲ. ಅವರು ಮಾಡಿದ್ದು ಸರಿ. ಹೊಸ ಹಾಳೆ ಸಹಿಯಾಗಿ ಬರುವಾಗ ಆ ವಿಮಾನಕ್ಕೆ ಒಪ್ಪಿಸುವ ಸಮಯ ಮೀರಿತ್ತು. ಮುಂದಿನ ಜಾಗ ಸೋಮವಾರ ರಾತ್ರಿ.

ಕಸ್ಟಮ್ಸ್ ಕಡೆ ಅಂಥ ತೊಂದರೆ ಆಗಲಿಲ್ಲ, ಆದರೆ ಒಂದು ಗೊಂದಲ ಹೇಳಿಬಿಡ್ತೀನಿ. ಮಾಲೀಕರ ಆಫೀಸಿನ ಹುಡುಗ ಫೋನ್ ಮಾಡಿ, ಏರ್‌ವೇ ಬಿಲ್‌ನಲ್ಲಿ ಬಿಓಎಂ ಅಂತಿದೆ, ಕಸ್ಟಮ್ಸ್‌ಗೆ ಕೊಡುವ ಶಿಪ್ಪಿಂಗ್ ಬಿಲ್‌ನಲ್ಲಿ ಐಎನ್‌ಬಿಓಎಂ4 ಅಂತಿದೆ, ಯಾವುದು ತಪ್ಪು ಅಂತ ಗಾಬರಿಯಾಗಿದ್ದ. ಪಾಪ, ಎರಡು ದಿನದ ಗಲಾಟೆ ನೋಡಿ ಅವನಿಗೆ ಎಲ್ಲ ಅಂಕೆಯ ಮೇಲೂ ಅನುಮಾನ. ಎರಡೂ ಸರಿ. ವಿಮಾನದವರಿಗೆ ಮುಂಬೈ ಅಂದ್ರೆ ಬಿಓಎಂ, ಊರಿನ ಹೆಸರು 1995ರಲ್ಲಿ ಬದಲಾದರೂ ಬಾಂಬೆಯ ಮೂರಕ್ಷರ ಉಳಿದಿದೆ. ಅವನ ಪುಣೆಗೂ ಪೂನಾದ ಪಿಎನ್‌ಕ್ಯೂ ಉಳಿದಿದೆ. ಕಸ್ಟಮ್ಸ್‌ಗೆ ಸಹಾರ್ ಏರ್ ಕಾರ್ಗೋ ಅಂದ್ರೆ ಐಎನ್‌ಬಿಓಎಂ4, ಕೊನೆಯ ಅಂಕೆ 1 ಆದರೆ ಅದು ಮುಂಬೈ ಬಂದರು. ಗೋವಾದವರು ಜಾಸ್ತಿ ಎಚ್ಚರವಾಗಿರಬೇಕು. ಡಾಬೋಳಿಂ ಜಿಓಐ, 2023ರ ಜನವರಿಯಲ್ಲಿ ವಿಮಾನ ಶುರುವಾದ ಮೋಪಾ ಜಿಓಎಕ್ಸ್. ಒಂದಕ್ಷರ ತಪ್ಪಿದರೆ ಮಾಲು ಇನ್ನೊಂದು ವಿಮಾನ ನಿಲ್ದಾಣದಲ್ಲಿ ಇಳಿಯುತ್ತೆ.

ಸೋಮವಾರ ಒಂದೇ ಸಲಕ್ಕೆ ಒಪ್ಪಿಕೊಂಡರು. ಬುಧವಾರ ನೈರೋಬಿಯಲ್ಲಿ ಬಿಡಿಸಿಕೊಂಡರು. ಗ್ರಾಹಕರು ಮೂರು ದಿನ ತಡ ಅಂತ ಬೇಸರ ಮಾಡಿಕೊಂಡರು, ಕಾರಣ ಬರೆದು ಕಳಿಸಿದ ಮೇಲೆ ಸುಮ್ಮನಾದರು.

ಇಷ್ಟರಲ್ಲಿ ತಪ್ಪು ಯಾರದ್ದು ಅಂತ ನಮ್ಮ ಆಫೀಸಿನಲ್ಲೇ ಕೂತು ಮಾತಾಡಿದೆವು. ಬ್ಯಾಟರಿಯವರ ಚೀಟಿ ತಪ್ಪು, ನಿಜ. ಹಳೆ ಕಾರ್ಟನ್ ಬಳಸಿದ್ದು ತಪ್ಪು, ನಿಜ. ಆದರೆ ನನಗೆ ಹೆಚ್ಚು ನೋವಾದದ್ದು ನಮ್ಮ ತಪ್ಪಿನ ಬಗ್ಗೆ. ಬುಕಿಂಗ್ ತಗೊಂಡ ದಿನ ನಮ್ಮವರು ಕೇಳಿದ್ದು ‘ಬ್ಯಾಟರಿ ಇದೆಯಾ’ ಅಂತ ಮಾತ್ರ. ‘ಇದೆ, ಸಣ್ಣದು’ ಅಂದಿದ್ದಕ್ಕೆ ಇಎಲ್‌ಐ ಅಂತ ಬರೆದುಕೊಂಡರು. ಎಷ್ಟು ವ್ಯಾಟ್-ಅವರ್ ಅಂತ ಕೇಳಲಿಲ್ಲ, ಬ್ಯಾಟರಿಯ ಫೋಟೊ ಕಳಿಸಿ ಅನ್ನಲಿಲ್ಲ. ಅವತ್ತೇ ಫೋಟೊ ತರಿಸಿಕೊಂಡಿದ್ದರೆ ಒಂದು ವಾರ ಮುಂಚೆಯೇ 100.64 ಕಣ್ಣಿಗೆ ಬೀಳ್ತಿತ್ತು, ಒಬ್ಬ ಹಿರಿಯರು ಮಳೆಯಲ್ಲಿ ರಾತ್ರಿಯೆಲ್ಲ ಫೋನ್ ಹಿಡಿದು ಕೂರಬೇಕಾಗಿರಲಿಲ್ಲ. ಈಗ ನಾವು ಬ್ಯಾಟರಿ ಇರುವ ಯಾವ ಮಾಲಿಗೂ ಚೀಟಿಯ ಫೋಟೊ ಮತ್ತು ಪರೀಕ್ಷೆ ಪತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ಜಾಗ ಹಿಡಿಯಲ್ಲ.

ನವೆಂಬರ್‌ನಲ್ಲಿ ಅವರ ಮುಂದಿನ ಮಾಲು ಬಂತು. ನಾಲ್ಕು ಕಾರ್ಟನ್, ಎಲ್ಲ ಹೊಸದು, ವಿನೈಲ್ ಗುರುತು ನೇರವಾಗಿ ಅಂಟಿಸಿತ್ತು. ಯಾದಗಿರಿಯ ಹುಡುಗ ನಾಲ್ಕೂ ಬದಿ ತಿರುಗಿಸಿ ನೋಡಿ ಎಲ್ಲವನ್ನೂ ಒಟ್ಟಿಗೆ ಇಟ್ಟ. ಬ್ಯಾಟರಿಯ ಚೀಟಿಯ ಫೋಟೊ ಮುಂಚೆಯೇ ಬಂದಿತ್ತು, 14.4 ವೋಲ್ಟ್, 97.92. ಆದರೂ ಫೋನ್ ತೆಗೆದು ಗುಣಿಸಿ ನೋಡಿದೆ, ಆಮೇಲೆ ಮಾಲೀಕರಿಗೆ ಫೋನ್ ಮಾಡಿದೆ.

“ಸರ್, ಈ ಸಲ ಇಎಲ್‌ಐ.”

“ಚಾರ್ಜ್ ಮೂವತ್ತಕ್ಕ ಇಳಿಸೇನಿ ತಮ್ಮಾ, ನೋಡಿಯೇನು?”

ನೋಡಿದ್ದೆ.